ಎರಡನೆಯ ಪ್ರಯೋಗ

ಚಂದಮ್ಮನ ಎರಡೂ ಮೂತ್ರಪಿಂಡಗಳು ಕೈಕೊಟ್ಟಿವೆ ಎಂಬ ಸುದ್ದಿ ಬಂದಾಗ ಜಗದೇವಿ ತನ್ನ ಸನ್ಮಾನದ ದಿನ ಆಡಬೇಕಾದ ಮಾತುಗಳನ್ನು ಹೊಂದಿಸುತ್ತ ಕೂತಿದ್ದಳು. ಆಗಷ್ಟೇ ಒಂದು ಸಾಲು ಚೆನ್ನಾಗಿ ಕೂಡಿಬಂದಿತ್ತು: 'ಐದು ದೇಶಗಳಲ್ಲಿ ಒಂದು ಪೈಸೆಯೂ ಎರಡು ಸಲ ಖರ್ಚಾಗದಂತೆ ನೋಡಿಕೊಂಡೆವು.' ಅದನ್ನು ಬಾಯಲ್ಲಿ ಹೇಳಿ ನೋಡಿ ಖುಷಿಪಟ್ಟಿದ್ದಳು ಕೂಡ.

ಸುದ್ದಿ ತಂದವರು ನಿರ್ದೇಶಕ ದೇಶಮುಖರು. ಒಳಗೆ ಬರದೆ ಬಾಗಿಲಲ್ಲೇ ನಿಂತರು.

"ಮೇಡಂ, ಆ ಸೋಲಾರ್ ಪಾರ್ಕಿನ ಹೆಣ್ಮಗಳು ಇದ್ದಳಲ್ರಿ, ಚಂದಮ್ಮ. ಡಯಾಲಿಸಿಸ್ ಶುರು ಮಾಡ್ಯಾರಂತ. ಅದೇ ಪಾರ್ಕಿನವರು ಇನ್ನೂ ಮೂರು ಮಂದಿ ವಾರ್ಡಿನ್ಯಾಗ ಅದಾರ." ಅದೇ ಉಸಿರಿನಲ್ಲಿ ಸೇರಿಸಿದರು: "ನೀವು ಭಾಷಣ ನಿಲ್ಲಸಬ್ಯಾಡ್ರಿ ಮತ್ತ. ಪ್ರಯೋಗ ಮಾಡ್ದವರು ಮಸ್ಕತ್ತಿನವರು. ನಮಗೂ ಅದಕ್ಕೂ ಏನೂ ಸಂಬಂಧ ಇಲ್ಲ."

ಜಗದೇವಿ ಹೂಂ ಅಂದಳು. ಯಾಕೆ ಹೀಗಾಯಿತು ಎಂದು ಕೇಳಲಿಲ್ಲ. ಕೇಳಲಿಲ್ಲ ಎಂಬುದು ದೇಶಮುಖರಿಗೆ ಗೊತ್ತಾಗಲಿಲ್ಲ, ಅವಳಿಗೆ ಗೊತ್ತಾಯಿತು. ಅವರು ಹೋದ ಮೇಲೆ ಭಾಷಣದ ಆ ಸಾಲನ್ನು ಮತ್ತೆ ಓದಲು ಹೋದಳು. ಅಕ್ಷರಗಳು ಕಂಡವು, ಅರ್ಥ ಹತ್ತಿರ ಬರಲಿಲ್ಲ.

ಕಲಬುರಗಿಗೂ ಕಡಲಿಗೂ ಎಲ್ಲಿಯ ನಂಟು ಎಂದು ಹೊಸಬರೆಲ್ಲ ಕೇಳುತ್ತಿದ್ದರು. ಸೇಡಂ ರಸ್ತೆಯ ಆ ಕಟ್ಟಡದ ನೆತ್ತಿಯ ಮೇಲೆ ದೊಡ್ಡ ನೀಲಿ ಅಕ್ಷರಗಳಲ್ಲಿ 'ಕಡಲೊಕ್ಕೂಟ' ಎಂದು ಬರೆದಿತ್ತು. ಭಾರತ, ಒಮಾನ್, ಶ್ರೀಲಂಕಾ, ಮಾಲ್ದೀವ್ಸ್, ಕೆನ್ಯಾ ಈ ಐದು ದೇಶಗಳು ವಿಜ್ಞಾನಕ್ಕೆಂದು ಎತ್ತಿಟ್ಟ ತಂತಮ್ಮ ದುಡ್ಡನ್ನು ಒಂದೇ ಹುಂಡಿಗೆ ಸುರಿದು, ಒಬ್ಬರು ಮಾಡಿದ್ದನ್ನೇ ಇನ್ನೊಬ್ಬರು ಮಾಡದಂತೆ ಕೆಲಸ ಹಂಚಿಕೊಂಡ ಸಂಸ್ಥೆ ಅದು. ಮೀನಿನ ಉಸ್ತುವಾರಿ ಕೊಲಂಬೊಕ್ಕೆ ಹೋಯಿತು, ಹವಳದ್ದು ಮಾಲೆಗೆ, ಬಿಸಿಲಿನದು ಕಲಬುರಗಿಗೆ. ಬಿಸಿಲಿಗೆ ಮಾತ್ರ ಯಾರೂ ಪೈಪೋಟಿಗೆ ಬರಲಿಲ್ಲ.

ಒಕ್ಕೂಟದ ಜೀವ ಇದ್ದದ್ದು ತಾಳೆಯಂತ್ರದಲ್ಲಿ. ಐದೂ ದೇಶಗಳ ವಿಜ್ಞಾನಿಗಳು ಯಾವ ಭಾಷೆಯಲ್ಲಿ ಅರ್ಜಿ ಬರೆದರೂ ಅದು ಓದುತ್ತಿತ್ತು. ಎರಡು ಅರ್ಜಿಗಳ ಹೊಟ್ಟೆಯಲ್ಲಿರುವ ಪ್ರಶ್ನೆ ಒಂದೇ ಎಂದು ಕಂಡರೆ, ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಅವೆರಡನ್ನೂ ಕಿತ್ತಳೆ ಬಣ್ಣದ ಗೆರೆಯಿಂದ ಕೂಡಿಸುತ್ತಿತ್ತು. ಗೆರೆ ಬಿದ್ದಮೇಲೆ ಆ ಎರಡೂ ದೇಶಗಳ ಅಧಿಕಾರಿಗಳು 'ಒಂದೇ' ಎಂದು ಒಪ್ಪಿದರೆ ಒಂದು ಅರ್ಜಿಗೆ ಹಣ, ಇನ್ನೊಂದಕ್ಕೆ ನಮಸ್ಕಾರ. ಒಂದು ದೇಶದಲ್ಲಿ ಸಿಕ್ಕ ಉತ್ತರವೇ ಐದಕ್ಕೂ ಉತ್ತರ. ಇದರಿಂದ ಒಳ್ಳೆಯದಾಗಿತ್ತು, ಅದರಲ್ಲಿ ಸುಳ್ಳಿಲ್ಲ. ಉಳಿದ ಹಣದಲ್ಲಿ ಯಾರೂ ಮುಟ್ಟದ ರೋಗಗಳಿಗೆ ಮದ್ದು ಬಂದಿತ್ತು. ಬೇರೆ ಯಾವುದಕ್ಕೂ ಒಂದಾಗದ ದೇಶಗಳು ಪ್ರಯೋಗಾಲಯದಲ್ಲಿ ಒಂದಾಗಿದ್ದವು.

ಭಾರತದ ಕಡೆಯಿಂದ ಆ 'ಒಂದೇ' ಹೇಳುವ ಅಧಿಕಾರಿ ಜಗದೇವಿ.

ನೆರಳುಗುಳಿಗೆ ಬಂದದ್ದೂ ಹೀಗೆಯೇ. ಬಿಸಿಲಿಗೆ ಹೊಸದಾಗಿ ಬಿದ್ದ ದೇಹಕ್ಕೆ ಅದಕ್ಕೆ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ಬೆವರನ್ನು ಬೇಗ ಒಡೆಸುವುದು, ರಕ್ತವನ್ನು ಚರ್ಮದ ಕಡೆಗೆ ಹೆಚ್ಚು ಹರಿಸುವುದು ಇವನ್ನೆಲ್ಲ ಅದು ಮೆಲ್ಲಗೆ ಕಲಿಯುತ್ತದೆ. ಗುಳಿಗೆ ಆ ಪಾಠವನ್ನು ಒಂದೇ ರಾತ್ರಿಯಲ್ಲಿ ಕಲಿಸಿಬಿಡುತ್ತಿತ್ತು. ನುಂಗಿದವರಿಗೆ ನಡುಮಧ್ಯಾಹ್ನದಲ್ಲೂ ತಲೆ ತಿರುಗುತ್ತಿರಲಿಲ್ಲ, ಕಣ್ಣಿಗೆ ಕತ್ತಲೆ ಕಟ್ಟುತ್ತಿರಲಿಲ್ಲ. ಕಟ್ಟಳೆ ಒಂದೇ: ಬೆವರಾಗಿ ಹೋದಷ್ಟು ನೀರು ಒಳಗೆ ಬೀಳುತ್ತಿರಬೇಕು. ಅದನ್ನು ಜನರ ಮೇಲೆ ಪರೀಕ್ಷಿಸಲು ಎರಡು ಅರ್ಜಿಗಳು ಬಂದವು. ಒಂದು ಮಸ್ಕತ್ತಿನದು, ರಸ್ತೆ ಹಾಕುವ ಕೂಲಿಗಳ ಮೇಲೆ. ಇನ್ನೊಂದು ಕಲಬುರಗಿಯದು, ಸೋಲಾರ್ ಪಾರ್ಕಿನಲ್ಲಿ ಫಲಕಗಳ ಧೂಳೊರೆಸುವ ಕೂಲಿಗಳ ಮೇಲೆ. ಅದೇ ಗುಳಿಗೆ, ಅದೇ ಬಿಸಿಲು, ಅದೇ ವಯಸ್ಸು. ಗೋಡೆಯ ಮೇಲೆ ಕಿತ್ತಳೆ ಗೆರೆ ಬಿತ್ತು. ಜಗದೇವಿ 'ಒಂದೇ' ಅಂದಳು. ಕಲಬುರಗಿಯ ಪ್ರಯೋಗ ನಿಂತಿತು. ಮಸ್ಕತ್ತಿನ ಪ್ರಯೋಗ ಚೆನ್ನಾಗಿ ಮುಗಿದು, ಗುಳಿಗೆ ಐದೂ ದೇಶಗಳಲ್ಲಿ ಮಾರಾಟಕ್ಕೆ ಬಂತು.

ಆ ಬೇಸಿಗೆಯಲ್ಲಿ ಪಾರ್ಕಿನ ಗುತ್ತಿಗೆದಾರ ಕೂಲಿಗಳಿಗೆ ಗುಳಿಗೆ ಹಂಚಿ ಮಧ್ಯಾಹ್ನದ ಬಿಡುವು ತೆಗೆದುಹಾಕಿದ.

ಚಂದಮ್ಮನ ಸುದ್ದಿ ಬಂದ ದಿನವೇ ಮಧ್ಯಾಹ್ನ ಊಟದ ಹೊತ್ತಿಗೆ ಮಸ್ಕತ್ತಿನಿಂದ ಕರೆ ಬಂತು. ನಿಯಂತ್ರಣ ಕೊಠಡಿಯ ಗೋಡೆಯ ಒಂದು ಮೂಲೆಯಲ್ಲಿ ರಹ್ಮಾಳ ಮುಖ ಮೂಡಿತು. ಒಮಾನಿನ ಕಡೆಯ ಅಧಿಕಾರಿ ಅವಳು, ನೆರಳುಗುಳಿಗೆಯ ಪ್ರಯೋಗವನ್ನು ನಡೆಸಿದವಳೂ ಅವಳೇ. ಅವಳು ಅರಬಿಯಲ್ಲಿ ಆಡಿದ್ದನ್ನು ಯಂತ್ರ ಕನ್ನಡಕ್ಕೆ ತಿರುಗಿಸಿ ಜಗದೇವಿಯ ಕಿವಿಗೆ ಹಾಕುತ್ತಿತ್ತು. ಯಂತ್ರಕ್ಕೆ ಬರುತ್ತಿದ್ದದ್ದು ವಾರ್ತೆ ಓದುವವರ ಕನ್ನಡವೊಂದೇ. ವರ್ಷಗಟ್ಟಲೆ ಇಬ್ಬರೂ ಮಕ್ಕಳ ಹಟ, ಅತ್ತೆಯರ ಮಂಡಿನೋವು, ಕಚೇರಿಯ ಚಾಡಿ ಎಲ್ಲವನ್ನೂ ಆ ಕನ್ನಡದಲ್ಲೇ ಹಂಚಿಕೊಂಡಿದ್ದರು. 'ನೀ ಬೈದ್ರೂ ಸನ್ಮಾನಪತ್ರ ಓದ್ದಂಗ ಕೇಳಸ್ತದ' ಎಂದು ಜಗದೇವಿ ಒಮ್ಮೆ ನಗಾಡಿದ್ದಳು.

"ಸಹೋದರಿ, ನಮ್ಮ ಸಚಿವಾಲಯವು ನನ್ನ ಮೇಲೆ ಸಂಶಯ ವ್ಯಕ್ತಪಡಿಸಿದೆ," ಎಂದಿತು ಯಂತ್ರ, ರಹ್ಮಾಳ ತುಟಿ ನಡುಗುತ್ತಿರುವಾಗ. "ನಾನು ಅಂಕಿಗಳನ್ನು ತಿದ್ದಿದೆನೆಂದು ಹೇಳುತ್ತಿದ್ದಾರೆ. ನನ್ನ ಪ್ರಯೋಗಾಲಯಕ್ಕೆ ಬೀಗ ಹಾಕಿದ್ದಾರೆ. ನೀನು ನನ್ನನ್ನು ನಂಬುತ್ತೀಯಾ?"

"ನಂಬ್ತೀನಿ ರಹ್ಮಾ."

"ಹಾಗಾದರೆ ಅಲ್ಲಿ ಹೀಗೇಕೆ ಆಯಿತು? ನನ್ನ ಜನರು ಗಂಟೆಗೊಮ್ಮೆ ನೀರು ಕುಡಿದರು. ಒಬ್ಬರಿಗೂ ಏನೂ ಆಗಲಿಲ್ಲ."

"ನೋಡ್ತೀನಿ," ಅಂದಳು ಜಗದೇವಿ. ನೋಡುವುದಕ್ಕೆ ಏನಿತ್ತು? ಗೋಡೆ ಕಡೆಗೆ ಮುಖ ಮಾಡಿ ಕೂತಿದ್ದ ಇಬ್ಬರು ಹುಡುಗಿಯರು ಅವಳನ್ನು ತಿರುಗಿ ನೋಡಿದರು. ಅವಳು ಕೆಮ್ಮಿದಂತೆ ಮಾಡಿ ಎದ್ದುಹೋದಳು.

ಸಂಜೆ ಮನೆಗೆ ಬಂದರೆ ಗಂಡ ಬಸಲಿಂಗ ಅಡುಗೆಮನೆಯಲ್ಲಿ ಕುಕ್ಕರ್ ತಿಕ್ಕುತ್ತಿದ್ದ. ಬಸ್ ಡಿಪೋದಲ್ಲಿ ಎಂಜಿನಿಯರು. ಬೆಳಗಿನ ಪಾಳಿ ಇದ್ದಾಗ ಸಂಜೆಯ ಅಡುಗೆ ಅವನದು.

"ನಿಮ್ಮ ಒಕ್ಕೂಟದಾಗ ಒಮ್ಮಿ ಮಾಡಿದ್ದು ಮತ್ತೊಮ್ಮಿ ಮಾಡಂಗಿಲ್ಲ ಅಂತೀರಿ. ಈ ಕುಕ್ಕರಿಗೂ ಅದೇ ಕಾನೂನು ಹಾಕು ನೋಡಾಮು. ನಿನ್ನಿ ತೊಳದೀನಿ, ಇವತ್ತ್ಯಾಕ ತೊಳೀಬೇಕು?"

ಬೇರೆ ದಿನವಾಗಿದ್ದರೆ ಅವಳೂ ಏನಾದರೂ ಎಸೆಯುತ್ತಿದ್ದಳು. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆದುಕೊಂಡು ಮಗಳು ಚಿನ್ಮಯಿ ಬಂದಳು. ಏಳನೆಯ ತರಗತಿ, ಸ್ಪೆಷಲ್ ಕ್ಲಾಸು ಮುಗಿಸಿ ಬರುವ ಹೊತ್ತು. ಚೀಲ ಒಗೆದವಳೇ ಬೂಟು ಕೂಡ ಬಿಚ್ಚದೆ ಬಚ್ಚಲಿಗೆ ಓಡಿದಳು.

"ಏ, ಬೂಟು!" ಎಂದ ಬಸಲಿಂಗ.

"ಅಪ್ಪಾ, ತಡಿ!"

ದಿನವೂ ನಡೆಯುವುದೇ. ದಿನವೂ ಬೂಟಿನ ಕೂಗು, ದಿನವೂ ಆ ಓಟ. ಜಗದೇವಿ ಬಚ್ಚಲ ಬಾಗಿಲನ್ನೇ ನೋಡುತ್ತ ನಿಂತುಬಿಟ್ಟಳು. ಮಗಳು ಹೊರಬಂದಾಗ ಕೇಳಿದಳು, "ಚಿನ್ನು, ಶಾಲ್ಯಾಗ ಹೋಗಂಗಿಲ್ಲೇನು ನೀ?"

"ಛೀ, ಅಲ್ಲಿ ಯಾರು ಹೋಗ್ತಾರಮ್ಮ. ಚಿಲಕನೇ ಇಲ್ಲ."

"ಮತ್ತ ಮುಂಜಾನಿಂದ?"

"ನೀರು ಕುಡ್ಯಲ್ಲ ಅಷ್ಟೇ. ಎಲ್ಲರೂ ಹಂಗೇ." ಇಷ್ಟೂ ಗೊತ್ತಿಲ್ಲವಾ ನಿನಗೆ ಎಂಬಂತೆ ತಾಯಿಯನ್ನು ನೋಡಿ ಫ್ರಿಜ್ಜಿನ ಕಡೆ ಹೋದಳು.

ಗೊತ್ತಿತ್ತು. ಜಗದೇವಿಗೆ ಗೊತ್ತಿದ್ದಷ್ಟು ಮತ್ತಾರಿಗೂ ಗೊತ್ತಿರಲಿಲ್ಲ. ಚಿಂಚೋಳಿಯಿಂದ ಕಲಬುರಗಿಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿದ ಆ ವರ್ಷಗಳಲ್ಲಿ ಅವಳು ಬೆಳಿಗ್ಗೆ ಚಹಾ ಸಹ ಕುಡಿಯುತ್ತಿರಲಿಲ್ಲ. ನಾಲಗೆ ಅಂಗುಳಿಗೆ ಅಂಟುವುದು, ಮಧ್ಯಾಹ್ನದ ತಲೆಶೂಲೆ, ಮನೆಗೆ ಬಂದಮೇಲೆ ಹನಿ ಹನಿಯಾಗಿ ಉರಿಯುವುದು ಎಲ್ಲ ಗೊತ್ತಿತ್ತು. ಅರ್ಜಿಗಳೆರಡನ್ನೂ ಎದುರಿಗಿಟ್ಟುಕೊಂಡ ದಿನವೂ ಗೊತ್ತಿತ್ತು. ಮಸ್ಕತ್ತಿನದರಲ್ಲಿ ಎಲ್ಲರೂ ಗಂಡಸರು, ಕಲಬುರಗಿಯದರಲ್ಲಿ ಹೆಚ್ಚಿನವರು ಹೆಂಗಸರು. ತಾಳೆಯಂತ್ರ ಪರದೆಯ ಮೇಲೆ ಕೇಳಿತ್ತು, ಇವೆರಡನ್ನು ಬೇರೆಯೆಂದು ತಿಳಿಯಲು ಏನಾದರೂ ಕಾರಣವಿದೆಯೇ? ಅಲ್ಲಿ ಬರೆದದ್ದನ್ನು ಐದು ದೇಶಗಳ ಅಧಿಕಾರಿಗಳು ತಮ್ಮ ತಮ್ಮ ಭಾಷೆಯಲ್ಲಿ ಓದುತ್ತಾರೆ. ಅವಳ ಬೆರಳು ನಿಂತಿತ್ತು. ಏನೆಂದು ಬರೆಯುವುದು? ನಮ್ಮ ಹೆಂಗಸರಿಗೆ ಕೆಲಸದ ಜಾಗದಲ್ಲಿ ಒಂದಕ್ಕೆ ಹೋಗಲು ಮರೆ ಇಲ್ಲವೆಂದೇ? ಚಂದ್ರನ ಮೇಲೆ ಗಾಡಿ ಓಡಿಸುವ ದೇಶದ ಅಧಿಕಾರಿ ಇದನ್ನು ಒಮಾನಿನವರ, ಕೆನ್ಯಾದವರ ಎದುರಿಗೆ ಬರೆಯುವುದೇ? ಅದೂ ಹೆಂಗಸಾಗಿ? ಮುಖ ಬಿಸಿಯಾಗಿತ್ತು. 'ಇಲ್ಲ' ಎಂದು ಒತ್ತಿ ಮುಂದಕ್ಕೆ ಹೋಗಿದ್ದಳು.

ಯಂತ್ರ ತಪ್ಪು ಮಾಡಿರಲಿಲ್ಲ. ಅದು ಕೇಳಿತ್ತು. ಇವಳು ನಾಚಿಕೊಂಡಿದ್ದಳು.

"ಊಟಕ್ಕ ಕೂಡು," ಅಂದ ಬಸಲಿಂಗ. ಅವಳು ತಟ್ಟೆಯ ಮುಂದೆ ಕೂತಳು. ರೊಟ್ಟಿ ಮುರಿದು, ಮುರಿದ ಚೂರುಗಳನ್ನು ತಟ್ಟೆಯಲ್ಲೇ ಸಾಲಾಗಿ ಇಟ್ಟಳು.

ಮರುದಿನ ಆಸ್ಪತ್ರೆಗೆ ಹೋದಳು. ಚಂದಮ್ಮ ಅವಳದೇ ವಯಸ್ಸಿನವಳು. ಮುಖ ಬಾತಿತ್ತು, ಕಾಲು ಬಾತಿದ್ದವು, ಬಾತ ಮುಂಗೈಯಲ್ಲಿ ಸಿಕ್ಕಿಕೊಂಡಿದ್ದ ಬಳೆಗಳನ್ನು ಒಡೆದು ತೆಗೆದಿದ್ದರು. ಪಕ್ಕದಲ್ಲಿ ಅವಳ ತಂಗಿ ನೀಲಮ್ಮ ಸ್ಟೂಲಿನ ಮೇಲೆ ಕೂತಿದ್ದಳು. ಅವಳೂ ಅದೇ ಪಾರ್ಕಿನಲ್ಲಿ ಕೆಲಸದವಳು.

"ಸರ್ಕಾರದವರೇನ್ರಿ?" ಅಂದಳು ನೀಲಮ್ಮ. "ಹಂಗಾದ್ರ ಮೊದ್ಲೇ ಹೇಳ್ತೀನಿ ಕೇಳ್ರಿ. ಗುತ್ತಿಗೆದಾರ ಎಲ್ಲಾರ ಮುಂದ ಹೇಳ್ಕೋತ ತಿರಗಾಡಲಾಕತ್ಯಾನ, ಇವರು ಆಸೆಬುರುಕರು, ಎರಡೆರಡು ಗುಳಿಗಿ ನುಂಗ್ಯಾರ ಅಂತ. ನಮ್ಮಕ್ಕ ಒಂದೇ ನುಂಗ್ಯಾಳ. ದೇವರಾಣಿ."

"ನನಗ ಗೊತ್ತದ."

"ನಿಮಗ ಹ್ಯಾಂಗ ಗೊತ್ತದ?"

ಜಗದೇವಿ ಆ ಪ್ರಶ್ನೆಯನ್ನು ದಾಟಿಹೋದಳು. "ಪಾರ್ಕಿನ್ಯಾಗ ನೀರು ಇಟ್ಟಿರ್ತಾರೇನು?"

"ಇಡ್ತಾರ್ರಿ. ದೊಡ್ಡ ದೊಡ್ಡ ಕ್ಯಾನ್ ಇಡ್ತಾರ, ತಣ್ಣಂದು," ಅಂದಳು ಚಂದಮ್ಮ, ಹಾಸಿಗೆಯಿಂದಲೇ. ದನಿ ಸಣ್ಣದು, ಆದರೆ ಅದರಲ್ಲಿ ನಗುವಿತ್ತು. "ಕುಡದು ಎಲ್ಲಿಗಿ ಹೋಗ್ಬೇಕ್ರಿ ಅಕ್ಕಾರ? ಮೊದ್ಲ ತೊಗರಿ ಹೊಲಕ್ಕ ಹೋಗತಿದ್ದೆವು. ತೊಗರಿ ಎದಿಮಟ ಇರ್ತದ, ಸಾಲಿನಾಗ ಕುಂತ್ರ ಯಾರಿಗಿ ಕಾಣ್ತದ? ಈಗ ನೋಡ್ರಿ, ಆ ಕಡಿ ಈ ಕಡಿ ಬರೇ ಕನ್ನಡಿ. ಒಂದು ಗಿಡ ಇಲ್ಲ. ಕಂಬಕ್ಕೊಂದು ಕ್ಯಾಮೆರಾ. ನಾವು ಕುಂತ್ರ ಹೈದ್ರಾಬಾದಿನ ಕಂಪನಿ ಆಫೀಸಿನ್ಯಾಗ ಕಾಣ್ತದಂತ."

"ಗುಳಿಗಿ ನುಂಗ್ದಾಗ ಬಿಸಲಾಗ ತ್ರಾಸ ಅನಸ್ತಿರಲಿಲ್ಲೇನು?"

"ಅದೇ ಮಜಾರಿ. ತ್ರಾಸ ಆಗಿದ್ರ ಮಲಗತಿದ್ದೆ. ಏನೂ ಆಗ್ಲಿಲ್ಲ. ಮೈ ಹಗುರ ಇತ್ತು. ಬೆವರು ಮಾತ್ರ ತೊಪ್ಪತೊಪ್ಪ ಇಳಿತಿತ್ತು." ಆಮೇಲೆ ಕೇಳಿದಳು, "ಇದು ಮತ್ತ ಚಾಲೂ ಆಗ್ತದಂತೇನ್ರಿ, ಕಿಡ್ನಿ? ಡಾಕ್ಟರ್ ಏನೂ ಬಾಯಿಬಿಡವಲ್ರು."

ಜಗದೇವಿ ಡಾಕ್ಟರನ್ನು ಕಂಡೇ ಬಂದಿದ್ದಳು. ಉಳಿದ ಮೂವರು ಸುಧಾರಿಸಿಕೊಂಡಾರು, ಇವಳದು ಕಷ್ಟ ಎಂದಿದ್ದರು. "ನೋಡಾಮು," ಅಂದಳು. ಎರಡು ದಿನದಲ್ಲಿ ಇದು ಎರಡನೆಯ ಸಲ ಅಂಥದೇ ಮಾತು ಅವಳ ಬಾಯಿಂದ ಬಂತು.

ಹೊರಡುವಾಗ ನೀಲಮ್ಮ ಬಾಗಿಲವರೆಗೆ ಬಂದಳು. ಸೀರೆಯ ಸೆರಗಿನ ಗಂಟಿನಿಂದ ಗುಳಿಗೆಯ ಹಾಳೆ ತೆಗೆದು ತೋರಿಸಿದಳು. "ನಾಳಿ ನಾ ಕೆಲಸಕ್ಕ ಹೋಗ್ಬೇಕ್ರಿ. ಇಕಿ ಮಕ್ಕಳೂ ನನ್ನ ಕೊಳ್ಳಿಗೇ ಬಿದ್ದಾವ. ನುಂಗ್ಲೋ ಬ್ಯಾಡೋ, ಒಂದು ಮಾತು ಹೇಳ್ರಿ."

"ಬ್ಯಾಡ. ನುಂಗಬ್ಯಾಡ."

"ನುಂಗ್ಲಿಲ್ಲಂದ್ರ ಮಧ್ಯಾಹ್ನದ ಪಾಳಿ ಕೊಡಂಗಿಲ್ಲ. ನೀವು ಹೇಳೀರಿ ಅಂತ ಹೇಳ್ಲೇನು?"

ಆ ಪ್ರಶ್ನೆಗೆ ಉತ್ತರ ಕೊಡಬೇಕಿದ್ದ ಜಾಗ ಆಸ್ಪತ್ರೆಯ ಬಾಗಿಲಲ್ಲಿರಲಿಲ್ಲ. ಜಗದೇವಿ ಆಟೋ ಹಿಡಿದು ನೇರವಾಗಿ ಕಚೇರಿಗೆ ಬಂದಳು.

ದೇಶಮುಖರು ಕೆಟ್ಟ ಮನುಷ್ಯರಲ್ಲ. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು, ಕನ್ನಡಕ ತೆಗೆದು ಒರೆಸಿದರು.

"ಖರೇ ಅದ ಮೇಡಂ. ನಮ್ಮ ಮನಿ ಹೆಣ್ಮಕ್ಕಳೂ ಹಂಗೇ. ಆದ್ರ ಈಗ ಒಕ್ಕೂಟಕ್ಕ ಏನಂತ ಹೇಳ್ತೀರಿ?"

"ಒಂದೇ ಅಂತ ಹೇಳಿದ್ದು ವಾಪಸ್ ತಗೋತೀನಿ. ತಗೊಂಡ್ರ ಮಸ್ಕತ್ತಿನ ಉತ್ತರ ನಮಗ ಉತ್ತರ ಆಗಂಗಿಲ್ಲ. ಗುಳಿಗಿ ಇಲ್ಲಿ ಬಂದ್ ಆಗ್ತದ."

"ಅಷ್ಟೇ ಆಗಂಗಿಲ್ರಿ. ನೀವು ಒಂದು ವಾಪಸ್ ತಗೊಂಡ್ರಂದ್ರ ಐದೂ ದೇಶದಾಗ ನಮ್ಮದೂ ವಾಪಸ್ ಕೊಡ್ರಿ ಅಂತ ಸಾಲು ಹಚ್ತಾರ. ಯಾರ ರೊಕ್ಕ ಯಾರಿಗಿ ಅಂತ ಮತ್ತ ಜಗಳ. ಇಷ್ಟು ವರ್ಷ ಕಟ್ಟಿದ್ದು ಬಿಚ್ಚಿಹೋಗ್ತದ. ನಾ ಒಂದು ಹಾದಿ ಹೇಳ್ತೀನಿ. ಗುಳಿಗಿ ಪ್ಯಾಕೆಟ್ ಮ್ಯಾಲ 'ನೀರು ಹೆಚ್ಚು ಕುಡಿಯಿರಿ' ಅಂತ ದೊಡ್ಡ ಅಕ್ಷರದಾಗ ಹಾಕಸಾಮು."

"ಸರ್, ಕುಡೀರಿ ಅಂತ ಈಗೂ ಬರದದ."

ಅವರು ಕನ್ನಡಕ ಹಾಕಿಕೊಂಡರು. "ನಿಮ್ಮ ನೌಕ್ರಿ ಹೋಗ್ತದ," ಅಂದರು, ಹೆದರಿಸುವಂತಲ್ಲ, ಮಳೆ ಬರುತ್ತದೆ ಛತ್ರಿ ಒಯ್ಯಿರಿ ಎನ್ನುವಂತೆ. ಜಗದೇವಿಗೆ ಮನೆಯ ಸಾಲ, ಮಗಳ ಓದು ಎಲ್ಲ ಒಮ್ಮೆ ಕಣ್ಣಮುಂದೆ ಹಾದುಹೋಯಿತು. ಆಶ್ಚರ್ಯವೆಂದರೆ, ನೌಕರಿಯ ಭಯಕ್ಕಿಂತ ಆ ಹಳೆಯ ನಾಚಿಕೆಯೇ ಈಗಲೂ ದೊಡ್ಡದಾಗಿತ್ತು.

ನಿಯಂತ್ರಣ ಕೊಠಡಿಗೆ ಹೋಗಿ ಕೂತಳು. ನೆರಳುಗುಳಿಗೆಯ ಎರಡು ಅರ್ಜಿಗಳನ್ನು ಕರೆದಳು. ಗೋಡೆಯ ಮೇಲೆ ಕಿತ್ತಳೆ ಗೆರೆ ಮತ್ತೆ ಮೂಡಿತು. ಯಂತ್ರ ಅದೇ ಪ್ರಶ್ನೆಯನ್ನು ಅದೇ ಸೌಜನ್ಯದಿಂದ ಕೇಳಿತು. ಅವಳು ಬರೆದಳು:

'ನೀರು ಕುಡಿದರೆ ಮೂತ್ರಕ್ಕೆ ಹೋಗಬೇಕಾಗುತ್ತದೆ. ಇಲ್ಲಿನ ಹೆಂಗಸರಿಗೆ ಕೆಲಸದ ಜಾಗದಲ್ಲಿ ಹೋಗಲು ಮರೆ ಇಲ್ಲ. ಆದ್ದರಿಂದ ಅವರು ನೀರು ಕುಡಿಯುವುದಿಲ್ಲ. ಗುಳಿಗೆ ಅವರ ಬಿಸಿಲಿನ ಆಯಾಸವನ್ನು ಮುಚ್ಚಿಟ್ಟು ಬೆವರನ್ನು ಮಾತ್ರ ಹರಿಸಿತು. ಇದು ನನಗೆ ಆಗಲೇ ಗೊತ್ತಿತ್ತು. ನಾಚಿಕೆಯಿಂದ ಬರೆಯಲಿಲ್ಲ.'

ಒತ್ತಿದಳು. ಅವಳ ಸಾಲುಗಳು ಗೋಡೆಯ ಮೇಲೆ ಒಂದರ ಪಕ್ಕ ಒಂದರಂತೆ ಐದು ಲಿಪಿಗಳಲ್ಲಿ ಹರಡಿಕೊಂಡವು. ಕೊಠಡಿಯ ಹುಡುಗಿಯರಿಬ್ಬರೂ ಓದಿದರು. ಒಬ್ಬಳು ತಲೆ ತಗ್ಗಿಸಿದಳು. ಇನ್ನೊಬ್ಬಳು ತನ್ನ ಮೇಜಿನ ಮೇಲಿದ್ದ ಮುಚ್ಚಳ ತೆಗೆಯದ ನೀರಿನ ಬಾಟಲಿಯನ್ನು ಸುಮ್ಮನೆ ಬದಿಗೆ ಸರಿಸಿದಳು. ಕಟ್ಟಡದಲ್ಲಿ ಹೆಂಗಸರ ಶೌಚಾಲಯ ಇದ್ದದ್ದು ನೆಲಮಾಳಿಗೆಯಲ್ಲಿ, ಅದರ ಬೀಗದ ಕೈ ಕಾವಲುಗಾರನ ಜೇಬಿನಲ್ಲಿ.

ಬಹಳ ಹೊತ್ತಿನ ಮೇಲೆ ರಹ್ಮಾ ಕರೆ ಮಾಡಿದಳು. ಜಗದೇವಿ ಬೈಗುಳಕ್ಕೆ ಸಿದ್ಧಳಾಗಿ ಕೂತಳು. ಇವಳ ಮೌನದಿಂದ ಅವಳ ಹೆಸರು ಮಣ್ಣಾಗಿತ್ತು.

"ಸಹೋದರಿ, ನೀನು ಬರೆದುದನ್ನು ಓದಿದೆನು," ಎಂದಿತು ಯಂತ್ರ. "ನನ್ನ ಪ್ರಯೋಗದಲ್ಲಿ ಮಹಿಳೆಯರೇಕೆ ಇರಲಿಲ್ಲವೆಂದು ನೀನು ಒಮ್ಮೆಯೂ ಕೇಳಲಿಲ್ಲ."

"ರಸ್ತೆ ಕೆಲಸಕ್ಕ ಅಲ್ಲಿ ಹೆಣ್ಮಕ್ಕಳು ಬರಂಗಿಲ್ಲ ಅಂದ್ಕೊಂಡೆ."

"ಬರುತ್ತಾರೆ. ಅಳತೆ ಮಾಡುವವರು, ಮೇಲ್ವಿಚಾರಕಿಯರು. ಅವರನ್ನು ಸೇರಿಸಿಕೊಂಡರೆ ಮರುಭೂಮಿಯ ಮಧ್ಯೆ ಅವರಿಗಾಗಿ ಒಂದು ಶೌಚಾಲಯದ ಗಾಡಿ ಬೇಕೆಂದು ಕೇಳಬೇಕಾಗುತ್ತಿತ್ತು. ಗಂಡಸರೇ ತುಂಬಿದ ಸಭೆಯಲ್ಲಿ ಆ ಪದವನ್ನು ಉಚ್ಚರಿಸಲು ನನಗೆ ಆಗಲಿಲ್ಲ. ಕೈಬಿಟ್ಟೆನು. ನಿನ್ನ 'ಇಲ್ಲ' ಎಂಬ ಉತ್ತರವು ಬಂದಾಗ ನನಗೆ ನೆಮ್ಮದಿಯಾಯಿತು. ಅವಳಿಗೂ ಗೊತ್ತಿದೆ, ಅವಳೂ ಸುಮ್ಮನಿದ್ದಾಳೆ ಎಂದುಕೊಂಡೆನು. ನಿನ್ನೆ 'ಹೀಗೇಕೆ ಆಯಿತು' ಎಂದು ಕೇಳಿದಾಗಲೂ ಅದನ್ನು ಮರೆಮಾಚಿದೆನು."

ಯಂತ್ರದ ವಾರ್ತೆಯ ದನಿಯಲ್ಲಿ ಒಂದು ಏರಿಳಿತವೂ ಇರಲಿಲ್ಲ. ಪರದೆಯ ಮೇಲೆ ರಹ್ಮಾ ಎರಡೂ ಅಂಗೈಗಳಿಂದ ಮುಖ ಒತ್ತಿಹಿಡಿದಿದ್ದಳು. ಎರಡು ದೇಶಗಳ ಎರಡು ಸಹಿ ಬೇಕೆಂಬ ಕಾನೂನು ಇದ್ದದ್ದೇ ಒಬ್ಬಳು ಎಡವಿದರೆ ಇನ್ನೊಬ್ಬಳು ಹಿಡಿಯಲಿ ಎಂದು. ಇಬ್ಬರೂ ಒಂದೇ ಕಲ್ಲಿಗೆ ಎಡವಿದ್ದರು.

ಗುಳಿಗೆ ನಿಂತಿತು. ಸನ್ಮಾನ ನಿಂತಿತು. ಒಕ್ಕೂಟ ದೇಶಮುಖರು ಹೆದರಿದಷ್ಟು ಬಿಚ್ಚಿಹೋಗಲಿಲ್ಲವಾದರೂ ಅಲುಗಾಡಿತು. ಜಗದೇವಿಗೂ ರಹ್ಮಾಳಿಗೂ ನೌಕರಿ ಉಳಿಯಿತು, ಸಹಿಯ ಅಧಿಕಾರ ಹೋಯಿತು. ಕೊನೆಗೆ ದೊಡ್ಡ ಚರ್ಚೆಯಾಗಿ, ಒಂದೇ ಪ್ರಶ್ನೆಯನ್ನು ಎರಡು ದೇಶಗಳಲ್ಲಿ, ಒಂದೇ ಅಳತೆಯಿಂದ, ಎರಡೂ ಕಡೆಯವರು ಬೇರೆ ಬೇರೆಯಾಗಿ ಕೇಳಲಿ ಎಂದು ಮೊದಲ ಬಾರಿಗೆ ಒಪ್ಪಿಗೆ ಸಿಕ್ಕಿತು. ಗುಳಿಗೆ ಬೇಡ, ನೀರನ್ನಷ್ಟೇ ಅಳೆಯೋಣ ಎಂದದ್ದು ಜಗದೇವಿ. ಬಾಟಲಿಯ ಕುತ್ತಿಗೆಗೆ ಗುಟುಕು ಎಣಿಸುವ ಪುಟ್ಟ ಮಾಪಕ ಕಟ್ಟುವುದು, ಬಿಸಿಲಿನಲ್ಲಿ ದಿನದ ಕೆಲಸ ಮಾಡುವುದು, ಎಷ್ಟು ಕುಡಿದರು ನೋಡುವುದು.

ಅಂದುಕೊಂಡಷ್ಟು ಸುಲಭವಾಗಲಿಲ್ಲ. ಗುಳಿಗೆ ನಿಂತ ಮೇಲೆ ಪಾರ್ಕಿನಲ್ಲಿ ಮಧ್ಯಾಹ್ನದ ಪಾಳಿಯೂ ನಿಂತು ಹೆಂಗಸರ ಕೂಲಿ ಅರ್ಧಕ್ಕೆ ಇಳಿದಿತ್ತು. ಜಗದೇವಿ ಬಾಟಲಿಗಳ ಪೆಟ್ಟಿಗೆ ಹಿಡಿದು ಹೋದಾಗ ಒಬ್ಬರೂ ಮುಂದೆ ಬರಲಿಲ್ಲ. ನೀಲಮ್ಮ ಫಲಕಗಳ ಸಾಲಿನ ನೆರಳಿನಲ್ಲಿ ಕಾಲು ಚಾಚಿ ಕೂತಿದ್ದಳು.

"ಗುಳಿಗಿ ಕೊಟ್ಟು ನಮ್ಮಕ್ಕನ ಕಿಡ್ನಿ ತಗದ್ರಿ. ಗುಳಿಗಿ ಕಸ್ಕೊಂಡು ಕೂಲಿ ತಗದ್ರಿ. ಈಗ ನೀರು ಕುಡಸ್ಲಾಕ ಬಂದೀ​ರಿ. ಇನ್ನೇನು ಉಳದದ್ರಿ ತಗಂಡು ಹೋಗ್ಲಾಕ?"

"ನೀಲಮ್ಮ, ನಿಮ್ಮ ಅಕ್ಕನ ಬಗ್ಗೆ ಒಂದು ಮಾತು ಹೇಳ್ಬೇಕು ನಾ."

"ಡಾಕ್ಟರ್ ಹೇಳ್ಯಾರ. ಹೇಳ್ಲಿಲ್ಲಂದ್ರೂ ತಿಳೀತದ. ವಾರಕ್ಕ ಎರಡು ಸಲ ಹಾಕ್ತಾರಲ್ಲ, ಆ ಮಷೀನಿಗಿ."

"ಅದಲ್ಲ. ಆ ಗುಳಿಗಿ ಇಲ್ಲಿ ಪರೀಕ್ಷಾ ಆಗಬೇಕಾಗಿತ್ತು. ಬ್ಯಾಡ ಅಂದಾಕಿ ನಾನೇ. ನೀರು ಕುಡ್ಯಂಗಿಲ್ಲ ಅಂತ ಗೊತ್ತಿದ್ರೂ ಬಾಯಿ ಬಿಡ್ಲಿಲ್ಲ."

ನೀಲಮ್ಮ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ಆಸ್ಪತ್ರೆಯಲ್ಲಿ ಕೇಳಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂಬಂತೆ ಮುಖ ಗಟ್ಟಿಯಾಯಿತು. ಬೈಯಲಿಲ್ಲ. ಎದ್ದು ನಿಂತು, ಕೈಯಲ್ಲಿದ್ದ ಉದ್ದ ಹಿಡಿಯ ಬ್ರಷ್ಷನ್ನು ಜಗದೇವಿಯ ಕಡೆಗೆ ಚಾಚಿದಳು.

"ನಮಗ ಅಳೀಬ್ಯಾಡ್ರಿ. ಮೊದ್ಲ ನೀವು ನಿಂದರ್ರಿ. ಮುಂಜಾನಿಂದ ಸಂಜಿಮಟ. ನೀವು ಕುಡದ್ರ ನಾವೂ ಕುಡೀತೀವಿ."

ಹೀಗೆ ಎರಡನೆಯ ಪ್ರಯೋಗದ ಮೊದಲನೆಯ ವ್ಯಕ್ತಿ ಜಗದೇವಿಯೇ ಆದಳು. ವಿಷಯ ಕೇಳಿ ರಹ್ಮಾ ತಾನೂ ಅದೇ ದಿನ ಮಸ್ಕತ್ತಿನ ಹೊರವಲಯದ ರಸ್ತೆಯಲ್ಲಿ ಅಳತೆಯ ಸರಪಳಿ ಹಿಡಿದು ನಿಲ್ಲುತ್ತೇನೆಂದಳು. ಬಸಲಿಂಗ ಬೆಳಿಗ್ಗೆ ಡಿಪೋದಿಂದ ತಂದ ಅಗಲ ಅಂಚಿನ ಟೋಪಿಯನ್ನು ಅವಳ ತಲೆಯ ಮೇಲಿಟ್ಟು, "ಏನಾರ ಆದ್ರ ಕೂತ್ಬಿಡು. ಛಲಕ್ಕ ಬೀಳಬ್ಯಾಡ," ಅಂದ. ಅಷ್ಟೇ ಅಂದ.

ಹತ್ತು ಗಂಟೆಗೆಲ್ಲ ಫಲಕಗಳು ಮುಟ್ಟಿದರೆ ಕೈ ಸುಡುವಂತಾದವು. ಬಿಸಿಲು ಮೇಲಿನಿಂದ ಒಮ್ಮೆ ಬಂದು, ಗಾಜಿಗೆ ಬಡಿದು ಕೆಳಗಿನಿಂದ ಇನ್ನೊಮ್ಮೆ ಬರುತ್ತಿತ್ತು. ಜಗದೇವಿಯ ಸೊಂಟಕ್ಕೆ ಕಟ್ಟಿದ ಬಾಟಲಿ ಹೆಜ್ಜೆಗೊಮ್ಮೆ ತೊಡೆಗೆ ತಾಗುತ್ತಿತ್ತು. ತಣ್ಣಗಿತ್ತು. ಗುತ್ತಿಗೆದಾರ ಈ ದಿನಕ್ಕೆಂದು ಗೇಟಿನ ಹತ್ತಿರ ಹೊಸ ತಗಡಿನ ಶೌಚಾಲಯವನ್ನೂ ನಿಲ್ಲಿಸಿದ್ದ. ಹಸಿರು ಬಣ್ಣ, ಒಳಗೆ ಚಿಲಕ, ಎಲ್ಲ ಇತ್ತು. ಅದರ ಬಾಗಿಲೆದುರಿಗೆ ಹತ್ತು ಹೆಜ್ಜೆಯಲ್ಲಿ ಕಾವಲುಗಾರರ ಕುರ್ಚಿಗಳು. ನಾಲ್ಕು ಜನ ಗಂಡಸರು ಕೂತು, ಈ ಮೇಡಂ ಬಿಸಿಲಿನಲ್ಲಿ ಬ್ರಷ್ ಹಿಡಿದು ಮಾಡುತ್ತಿರುವ ನಾಟಕವನ್ನು ನೋಡುತ್ತಿದ್ದರು. ಕಂಬದ ಮೇಲಿನ ಕ್ಯಾಮೆರಾ ಕೂಡ ಅದೇ ಕಡೆಗೆ ತಿರುಗಿತ್ತು.

ಹನ್ನೊಂದಕ್ಕೆ ನಾಲಗೆ ಅಂಗುಳಿಗೆ ಅಂಟಿತು. ಹಳೆಯ ಪರಿಚಯದ ರುಚಿ.

"ಕುಡೀರಿ ಅಕ್ಕಾರ," ಅಂದಳು ನೀಲಮ್ಮ, ಪಕ್ಕದ ಸಾಲಿನಿಂದ. ಇತರ ಹೆಂಗಸರೂ ಕೈ ನಿಲ್ಲಿಸಿ ನೋಡುತ್ತಿದ್ದರು. "ತಣ್ಣಂದು ಅದ."

ಜಗದೇವಿ ಬಾಟಲಿ ಬಿಚ್ಚಿ ಕೈಗೆ ತೆಗೆದುಕೊಂಡಳು. ಕುಡಿಯಬೇಕು ಎಂದು ಅವಳಿಗೆ ಗೊತ್ತಿತ್ತು. ಕುಡಿಯದಿದ್ದರೆ ಏನಾಗುತ್ತದೆ ಎಂದು ಈ ಊರಿನಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಚಂದಮ್ಮನ ಬಾತ ಮುಖ ಕಣ್ಣಮುಂದಿತ್ತು. ಇಲ್ಲಿಂದ ಗೇಟಿನವರೆಗೆ ಮರೆಯಿಲ್ಲದ ಆ ದಾರಿಯನ್ನು ನೋಡಿದಳು. ಬಾಗಿಲನ್ನು ನೋಡಿದಳು. ಕುರ್ಚಿಗಳನ್ನು ನೋಡಿದಳು. ತಾನು ಆ ಬಾಗಿಲು ತೆರೆಯುವುದು, ಒಳಗಿರುವಷ್ಟು ಹೊತ್ತು ಅವರು ಸುಮ್ಮನಾಗುವುದು, ಹೊರಬಂದಾಗ ಯಾರೋ ಒಬ್ಬ ಕೆಮ್ಮುವುದು. ಬಾಟಲಿಯ ಮುಚ್ಚಳದ ಮೇಲಿಟ್ಟ ಬೆರಳುಗಳು ತಿರುಗಲಿಲ್ಲ. ಅವಳು ಬೇಕೆಂದು ತಡೆಯಲಿಲ್ಲ. ಬೆರಳುಗಳು ತಾವಾಗಿ ನಿಂತವು.

ಬಾಟಲಿಯನ್ನು ಮತ್ತೆ ಸೊಂಟಕ್ಕೆ ಕಟ್ಟಿಕೊಂಡಳು. ನೀಲಮ್ಮ ತನ್ನ ಬ್ರಷ್ಷನ್ನು ಎತ್ತಿಕೊಂಡು ಅವಳ ಸಾಲಿಗೇ ಬಂದು, ಅವಳ ಪಕ್ಕದಲ್ಲಿ ಒರೆಸತೊಡಗಿದಳು.

ಸ್ವಲ್ಪ ಹೊತ್ತಿಗೆ ಕಿವಿಯಲ್ಲಿ ರಹ್ಮಾಳ ದನಿ ಬಂತು. ಹಿಂದೆ ಲಾರಿಗಳ ಸದ್ದು. "ಸಹೋದರಿ, ನೀನು ಕುಡಿದೆಯಾ?"

"ಇಲ್ಲ. ನೀ?"

ಯಂತ್ರ ಬಹಳ ಹೊತ್ತು ಸುಮ್ಮನಿತ್ತು. ತಿರುಗಿಸುವುದಕ್ಕೆ ಅದಕ್ಕೆ ಏನೂ ಸಿಕ್ಕಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ದೇಶಮುಖರ ಫೋನು ಬಂತು. ನಿಯಂತ್ರಣ ಕೊಠಡಿಯಿಂದ ಮಾತಾಡುತ್ತಿದ್ದರು. ದನಿಯಲ್ಲಿ ಗಾಬರಿ.

"ಮೇಡಂ, ಮಾಪಕ ಕೆಟ್ಟದೇನ್ರಿ? ಮುಂಜಾನಿಂದ ನೋಡ್ಲಾಕತ್ತೀನಿ, ಒಂದು ಗುಟುಕೂ ಎಣಿಸವಲ್ದು. ಇಲ್ಲೂ ಸೊನ್ನಿ, ಮಸ್ಕತ್ತಿನ್ಯಾಗೂ ಸೊನ್ನಿ."

"ಕೆಟ್ಟಿಲ್ರಿ ಸರ್," ಅಂದಳು ಜಗದೇವಿ. ಒಣಗಿದ ಬಾಯಿಯಿಂದ ಮಾತು ಹೊರಡಿಸಲು ಅವಳು ಎರಡು ಸಲ ಯತ್ನಿಸಬೇಕಾಯಿತು. "ಬರಕೋರಿ."